ಮೂರು ಮಡಿಗಳು

ಕಳೆದ ಮಾಘಮಾಸದಲ್ಲಿ ವಿಜಯಪುರದ ಕಡೆಯ ಬಂಧುವೊಬ್ಬರ ತೋಟಕ್ಕೆ ಹೋಗಿದ್ದೆವು. ನೆಲದ ಬಹುಭಾಗವೆಲ್ಲ ದ್ರಾಕ್ಷಿ. ಬಾವಿಯ ಕೆಳಗೆ ಒಂದೆಕರೆ ಬದನೆ. ಮನೆಯ ಹಿತ್ತಲಿಗೆ ಹೊಂದಿ ನಾಲ್ಕಾರು ಮಡಿಗಳಲ್ಲಿ ಮೆಂತೆ, ಮೂಲಂಗಿ, ಮತ್ತೆ ಹತ್ತೆಂಟು ಬದನೆಯ ಗಿಡಗಳು. ಅಷ್ಟೊಂದು ಬದನೆ ಅಲ್ಲಿರಲು ಇಲ್ಲಿ ಬೇರೆ ಏತಕ್ಕೆಂದು ಕೇಳಿದೆವು.

"ಅದು ಪ್ಯಾಟಿಗಿ, ಇದು ಮನಿಗಿ" ಎಂದರು.

ದ್ರಾಕ್ಷಿಯೋ? "ಅದು ಹೊರದೇಶಕ್ಕ ಹೋಗೂದು. ಅದಕ್ಕ ವಹಿ ಐತಿ" ಎಂದು ಯಾವ ದಿನ ಯಾವ ಔಷಧಿಯನ್ನು ಎಷ್ಟು ಹೊಡೆದರೆಂಬುದನ್ನು ಬರೆದಿಟ್ಟ ವಹಿಯನ್ನು ತಂದು ತೋರಿಸಿದರು. ಪೇಟೆಯ ಬದನೆಗೆ ವಹಿ ಇರಲಿಲ್ಲ. ಮನೆಯ ಬದನೆಗೆ ವಹಿ ಬೇಕಿರಲಿಲ್ಲ. ಅದಕ್ಕೆ ಔಷಧಿಯನ್ನೇ ಮುಟ್ಟಿಸುತ್ತಿರಲಿಲ್ಲ.

ಗಿಡ ಬೆಳೆಯುವ ಪಾತಿಗೂ ಶುಚಿತ್ವಕ್ಕೂ ನಮ್ಮ ನುಡಿಯಲ್ಲಿ ಮಡಿಯೆಂಬುದೊಂದೇ ಶಬ್ದವಿರುವುದು ಆಕಸ್ಮಿಕವಿರಬಹುದು. ಆದರೆ ಒಬ್ಬ ಸಜ್ಜನರು ಒಂದೇ ಬಾವಿಯ ನೀರಿನಿಂದ ಮೂವರಿಗೆ ಮೂರು ಬಗೆಯ ಮಡಿಯನ್ನು ಆಚರಿಸುತ್ತಿದ್ದುದು ಅಂದಿನಿಂದ ನಮ್ಮ ಮನಸ್ಸನ್ನು ಬಿಟ್ಟಿಲ್ಲ.

ವಹಿಯ ಮೂಲವು ದೂರದ್ದು. ಅಂಗಡಿಯವನು ತಕ್ಕ ಎಚ್ಚರಿಕೆ ವಹಿಸಿದ್ದೆನೆಂದು ತೋರಿಸಿದಲ್ಲಿ ಅಪರಾಧದಿಂದ ಪಾರಾಗಬಹುದೆಂದು ಬ್ರಿಟನ್ನಿನ 1990ನೆಯ ಇಸವಿಯ ಆಹಾರ ಕಾಯಿದೆಯು ವಿಧಿಸಿತು. 1997ರಲ್ಲಿ ಯೂರೋಪಿನ ದೊಡ್ಡ ಅಂಗಡಿಗಳು ಕೂಡಿ ಯೂರೆಪ್‌ಗ್ಯಾಪ್ ಎಂಬ ನಿಯಮಾವಳಿಯನ್ನು ಹುಟ್ಟಿಸಿದವು. 2007ರಲ್ಲಿ ಅದು ಗ್ಲೋಬಲ್‌ಗ್ಯಾಪ್ ಎಂಬ ಹೆಸರನ್ನು ತಾಳಿತು. ಇದು ಸರಕಾರದ ಕಟ್ಟಳೆಯಲ್ಲ, ಕೊಳ್ಳುವವರ ಕಟ್ಟಳೆ. ಒಪ್ಪುವುದು ಬಿಡುವುದು ಬೆಳೆಗಾರನ ಇಚ್ಛೆ. ಬಿಟ್ಟರೆ ಆ ಅಂಗಡಿಗಳ ಬಾಗಿಲು ಅವನಿಗಿಲ್ಲ, ಅಷ್ಟೆ. ಎಚ್ಚರಿಕೆಯ ಭಾರವು ಹೀಗೆ ಅಂಗಡಿಯಿಂದ ಇಳಿದು ಇಳಿದು, ವೆಚ್ಚದೊಡನೆ, ಕಟ್ಟಕಡೆಗೆ ಚಾಟ್ನಿ ಮಾಡುವವನ ಹೆಗಲಿಗೆ ಬಂದಿತು. ಚಿಕ್ಕ ಹಿಡುವಳಿದಾರರು ಗುಂಪುಗೂಡಿ ಪ್ರಮಾಣಪತ್ರ ಪಡೆಯುವ ದಾರಿಯೇನೋ ಉಂಟು. ಅಲ್ಲಿ ಒಬ್ಬನ ತಪ್ಪು ಎಲ್ಲರಿಗೂ ಮುಳುವಾಗಬಹುದು.

ಪ್ರಮಾಣಪತ್ರವು ಸತ್ಯವನ್ನೇ ಹೇಳುವುದೋ? ನಮ್ಮ ದೇಶದಲ್ಲಿ 2006ರಿಂದ ಗ್ರೇಪ್‌ನೆಟ್ ಎಂಬ ವ್ಯವಸ್ಥೆ ನಡೆದಿದೆ. ಯೂರೋಪಿಗೆ ಹೋಗುವ ದ್ರಾಕ್ಷಿಯ ತೋಟವು ನೋಂದಣಿಯಾಗಬೇಕು. ಪ್ರಯೋಗಶಾಲೆಯಲ್ಲಿ ಹಣ್ಣಿನ ಪರೀಕ್ಷೆಯಾಗಬೇಕು. ಹೀಗೆಲ್ಲ ಪರೀಕ್ಷೆಯಾಗಿ ಹೋದ ಹಣ್ಣನ್ನು 2010ರಲ್ಲಿ ಯೂರೋಪಿನಲ್ಲಿ ತಡೆದರು. ಕ್ಲೋರ್‌ಮೆಕ್ವಾಟ್ ಕ್ಲೋರೈಡ್ ಎಂಬ ವಸ್ತುವಿನ ಶೇಷವು ಕಿಲೋಗ್ರಾಮಿಗೆ 0.05 ಮಿಲಿಗ್ರಾಮಿನ ಮಿತಿಯನ್ನು, ಎಂದರೆ ಎರಡು ಕೋಟಿ ಭಾಗಗಳಲ್ಲಿ ಒಂದನ್ನು, ಮೀರಿತ್ತು. ಇದು ಹುಳು ಕೊಲ್ಲುವ ವಿಷವಲ್ಲ. ಬಳ್ಳಿಯ ಸೊಕ್ಕಿದ ಬೆಳವಣಿಗೆಯನ್ನು ತಡೆಯಲು ಬೆಳೆಗಾರರು ಬಹುಕಾಲದಿಂದ ಸಿಂಪಡಿಸುತ್ತಿದ್ದುದು. ಯಾರೂ ಅದನ್ನು ಮುಚ್ಚಿಟ್ಟಿರಲಿಲ್ಲ. ಇಲ್ಲಿ ಪರೀಕ್ಷಿಸತಕ್ಕ ವಸ್ತುಗಳ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಪ್ರಶ್ನೆಯನ್ನೇ ಕೇಳದಿದ್ದಾಗ ಉತ್ತರ ತಪ್ಪಿತೆಂದು ಯಾರನ್ನು ದೂರುವುದು? ಆದರೂ ನಷ್ಟವು ಪಟ್ಟಿಯನ್ನು ಬರೆದವರ ಮೇಲೆ ಬೀಳಲಿಲ್ಲ. ರಫ್ತುದಾರರ ಮೇಲೂ ಅವರ ಮೂಲಕ ಬೆಳೆಗಾರರ ಮೇಲೂ ಬಿದ್ದಿತು. ಆಮೇಲೆ ಪಟ್ಟಿಗೆ ಆ ಹೆಸರನ್ನು ಸೇರಿಸಿದರು.

ಇಷ್ಟನ್ನು ಕೇಳಿದವರು ಈ ಪ್ರಮಾಣಪತ್ರಗಳೆಲ್ಲ ಬಲಿಷ್ಠರ ದಬ್ಬಾಳಿಕೆಯೆಂದು ನಿಟ್ಟುಸಿರಿಡುವುದುಂಟು. ನಾವೂ ಒಮ್ಮೆ ಹಾಗೆಯೇ ಎಣಿಸಿದ್ದೆವು. ಆದರೆ ಆ ವಹಿಯನ್ನು ನೋಡಿದ ಮೇಲೆ ಪೂರ್ತಿ ಹಾಗೆನ್ನಲು ಮನಸ್ಸು ಬಾರದು. ಕೊಯ್ಲಿಗೆ ಇಷ್ಟು ದಿನ ಮುಂಚೆ ಔಷಧಿಯನ್ನು ನಿಲ್ಲಿಸಬೇಕೆಂಬ ನಿಯಮವನ್ನು ನಮ್ಮ ಬಂಧುಗಳು ದ್ರಾಕ್ಷಿಯಲ್ಲಿ ವ್ರತದಂತೆ ಪಾಲಿಸುವರು. ಬದನೆಯಲ್ಲಿಯೋ, ಕಾಯಿಕೊರಕ ಹುಳುವಿನ ಭಯದಿಂದ, ಒಂದು ಕೊಯ್ಲಿಗೂ ಮುಂದಿನ ಕೊಯ್ಲಿಗೂ ನಡುವಿನ ಕೆಲವೇ ದಿನಗಳಲ್ಲಿ ಹೊಡೆಯುವರು. ಅರಿವು ಎರಡೂ ಕಡೆ ಒಂದೇ. ಅಲ್ಲಿ ಸರಕನ್ನು ಹಿಂದಿರುಗಿಸಬಲ್ಲವನೊಬ್ಬನಿದ್ದಾನೆ, ಇಲ್ಲಿಲ್ಲ. ಹಾಗಾದರೆ ನಮ್ಮ ಕರ್ತವ್ಯವು ಲೆಕ್ಕ ಕೇಳಬಲ್ಲವನಿಗೆ ಮಾತ್ರ ಸಲ್ಲತಕ್ಕದ್ದೇ?

ನಮ್ಮ 2006ನೆಯ ಇಸವಿಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟದ ಕಾಯಿದೆಯು ಈ ಪ್ರಶ್ನೆಯನ್ನು ಬೆಳೆಗಾರನಿಗೆ ಕೇಳುವುದಿಲ್ಲ. ರೈತನಿಗೂ ಅವನ ಹೊಲದ ಬೆಳೆಗೂ ಅದು ಅನ್ವಯಿಸದೆಂದು ಅದರಲ್ಲಿಯೇ ಹೇಳಿದೆ. ಇನ್ನೊಬ್ಬರ ಕೈಸೇರಿದ ಮೇಲೆಯೇ ಕಾಯಿಪಲ್ಯವು ಅದರ ಕಣ್ಣಿಗೆ ಆಹಾರವಾಗುವುದು. ಬಡ ಹಿಡುವಳಿದಾರನ ಬಾಗಿಲಿಗೆ ಇನ್‌ಸ್ಪೆಕ್ಟರರು ಹೋಗದಿರುವುದು ಒಳ್ಳೆಯದೇ ಎನ್ನೋಣ. ಶೇಷಕ್ಕೆ ಮಿತಿಗಳೇನೋ ಇವೆ. ಆದರೆ ಹತ್ತು ತೋಟಗಳ ಬದನೆಯು ಒಂದೇ ರಾಶಿಯಾಗಿ ಮಾರಾಟವಾದ ಮೇಲೆ ಮಿತಿ ಮೀರಿದವರು ಯಾರೆಂದು ಹುಡುಕುವುದೆಲ್ಲಿ?

ಇನ್ನು ತಿನ್ನುವವರಾದ ನಮ್ಮ ಮಾತು. ಬುಟ್ಟಿಯಲ್ಲಿ ತೂತಿಲ್ಲದ, ಮಿರುಗುವ ಕಾಯನ್ನೇ ಆರಿಸುವ ನಮ್ಮ ಬೆರಳುಗಳೂ ಆ ಸಿಂಪಡಣೆಯಲ್ಲಿ ಪಾಲುಗೊಂಡಿಲ್ಲವೇ? ಔಷಧಿ ಹೊಡೆಯದ ಕಾಯಿಗೆ ಪೇಟೆಯಲ್ಲಿ ಹೆಚ್ಚು ಬೆಲೆ ಬರುವುದಿಲ್ಲ. ಹುಳು ಬಿದ್ದ ಕಾಯಿಗೆ ಬೆಲೆಯೇ ಬರುವುದಿಲ್ಲ. ಈ ಲೆಕ್ಕವನ್ನು ಬಂಧುಗಳ ಮುಂದೆ ಸ್ವಲ್ಪ ಸಂಕೋಚದಿಂದಲೇ ಎತ್ತಿದೆವು. ಅವರು ಸಿಟ್ಟಾಗಲಿಲ್ಲ. "ಪ್ಯಾಟ್ಯಾಗ ಯಾರೂ ಕೇಳೂದಿಲ್ಲರಿ. ಕೇಳಿದ್ರ ಅದಕ್ಕೂ ವಹಿ ಇಡ್ತೀವಿ" ಎಂದರು.

ಹೊರಡುವಾಗ ಅವರ ಮನೆಯವರು ಹಿತ್ತಲಿನ ಮಡಿಯಿಂದ ಬದನೆಯನ್ನು ಕಿತ್ತು ಚೀಲದಲ್ಲಿ ತುಂಬಿಕೊಟ್ಟರು. ಅತಿಥಿಗಳಿಗೆ ಪೇಟೆಯ ಕಾಯನ್ನು ಕೊಡುವುದುಂಟೇ ಎಂದರು. ಕೆಲವಕ್ಕೆ ಹುಳು ಬಿದ್ದಿತ್ತು. ಹೆಚ್ಚಿ ಬಿಸುಟು ಉಳಿದುದನ್ನು ಎಣ್ಣೆಗಾಯಿ ಮಾಡಿಸಿ ಉಂಡೆವು. ನಾಲ್ಕು ದಿನಕ್ಕೆ ಅದು ತೀರಿತು. ಐದನೆಯ ದಿನ ಸಂತೆಯಿಂದ ಎರಡು ಸೇರು ಬದನೆ ತಂದೆವು. ಯಾರ ತೋಟದ್ದೆಂದು ಕೇಳಲಿಲ್ಲ.