ಸರ್ಕಾರದ ಅಫೀಮು

1861ರ ಅಕ್ಟೋಬರ್‌ನಲ್ಲಿ ಆಸಾಮಿನ ನಗಾಂವ್ ಜಿಲ್ಲೆಯ ಫುಲಗುರಿಯಲ್ಲಿ ಸುತ್ತಲಿನ ಹಳ್ಳಿಗಳ ರೈತರು ಸಭೆ ಸೇರಿದರು. ಹೆಚ್ಚಿನವರು ತಿವಾ ಸಮುದಾಯದವರು. ಹಿಂದಿನ ವರ್ಷ ಸರ್ಕಾರ ಅವರ ಅಫೀಮು ಬೆಳೆಯನ್ನು ನಿಷೇಧಿಸಿತ್ತು. ಈಗ ಅಡಿಕೆ, ವೀಳ್ಯದೆಲೆಗೂ ತೆರಿಗೆ ಬೀಳಲಿದೆ ಎಂಬ ಸುದ್ದಿ ಹಬ್ಬಿತ್ತು. ದಿನಗಟ್ಟಲೆ ನಡೆದ ಆ ಸಭೆಯನ್ನು ಚದುರಿಸಲು ಬಂದ ಲೆಫ್ಟಿನೆಂಟ್ ಸಿಂಗರ್ ಎಂಬ ಅಧಿಕಾರಿ ಜನರ ಕೈಯಲ್ಲಿ ಸತ್ತ. ಆಮೇಲೆ ಗುಂಡು ಹಾರಿತು, ರೈತರ ಹೆಣಗಳು ಬಿದ್ದವು, ಮುಂದಾಳುಗಳಿಗೆ ಶಿಕ್ಷೆಯಾಯಿತು.

ಇಷ್ಟನ್ನೇ ಕೇಳಿದರೆ ನಮ್ಮ ಮನಸ್ಸು ಸರ್ಕಾರದ ಕಡೆಗೇ ವಾಲುತ್ತದೆ. ಅಫೀಮು ಆ ನಾಡನ್ನು ಹಿಂಡುತ್ತಿದ್ದುದು ನಿಜ. ಅಸ್ಸಾಮಿಯಲ್ಲಿ ಅದಕ್ಕೆ ‘ಕಾನಿ’ ಎನ್ನುತ್ತಾರೆ. ಹೇಮಚಂದ್ರ ಬರುವಾ ಅವರು ಕಾನಿ ತಿನ್ನುವವರ ದುರವಸ್ಥೆಯ ಮೇಲೆ ‘ಕಾನೀಯಾರ ಕೀರ್ತನ’ ಎಂಬ ನಾಟಕ ಬರೆದದ್ದು ಅದೇ 1861ರಲ್ಲಿ. ಅದಕ್ಕೂ ಎಂಟು ವರ್ಷ ಮೊದಲು ಆನಂದರಾಮ ಢೇಕಿಯಾಲ್ ಫುಕನ್ ಎಂಬ ಯುವ ಅಸ್ಸಾಮಿ ಅಧಿಕಾರಿ, ಈ ಚಟದಿಂದ ನಾಡನ್ನು ಬಿಡಿಸಿ ಎಂದು ಕಂಪನಿ ಸರ್ಕಾರಕ್ಕೆ ದೀರ್ಘ ಟಿಪ್ಪಣಿ ಬರೆದು ಒಪ್ಪಿಸಿದ್ದರು. ಹೀಗಿರುವಾಗ ಬೆಳೆಯನ್ನು ನಿಲ್ಲಿಸಿದ್ದರಲ್ಲಿ ತಪ್ಪೇನು?

ತಪ್ಪು ಕಾಣಬೇಕಾದರೆ ನಿಷೇಧ ಎಲ್ಲಿಗೆ ನಿಂತಿತು ಎಂದು ನೋಡಬೇಕು. ಬೆಳೆಯುವುದಕ್ಕೆ ಮಾತ್ರ ನಿಷೇಧ. ತಿನ್ನುವುದಕ್ಕಿಲ್ಲ, ಮಾರುವುದಕ್ಕೂ ಇಲ್ಲ. ರೈತ ತನ್ನ ಹಿತ್ತಲಲ್ಲಿ ಬೆಳೆದರೆ ಅಪರಾಧ. ಅದೇ ರೈತ ಸರ್ಕಾರಿ ಪರವಾನಗಿಯ ಅಂಗಡಿಗೆ ಹೋಗಿ, ಸರ್ಕಾರವೇ ತರಿಸಿದ ಅಬಕಾರಿ ಅಫೀಮನ್ನು ರೊಕ್ಕ ಕೊಟ್ಟು ಕೊಂಡು ತಿಂದರೆ ಅವನು ಕಾನೂನು ಪಾಲಿಸುವ ಪ್ರಜೆ. ಚಟ ಇದ್ದಲ್ಲೇ ಇತ್ತು, ಅದರಿಂದ ಬರುವ ಹಣ ಮಾತ್ರ ಖಜಾನೆಗೆ ತಿರುಗಿತು. ಬೆಲೆ ಏರಿಸಿದರೆ ಜನ ಕಡಿಮೆ ತಿನ್ನುತ್ತಾರೆ ಎಂದು ಅಧಿಕಾರಿಗಳು ವಾದಿಸುತ್ತಿದ್ದರು. ಬೆಲೆಯನ್ನು ಏರಿಸುತ್ತಲೂ ಹೋದರು. ಆದರೆ ಚಟಕ್ಕೆ ಬಿದ್ದವನು ಬೆಲೆ ಏರಿತೆಂದು ಬಿಡುವುದಿಲ್ಲ, ಮನೆಯ ಅಕ್ಕಿಯಲ್ಲಿ ಕಡಿತ ಮಾಡುತ್ತಾನೆ. ಹೆಂಡದಂಗಡಿಯ ಹರಾಜನ್ನು ಕಂಡ ನಮ್ಮ ಊರುಗಳ ಹೆಂಗಸರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಂಗಡಿಯಲ್ಲಿ ಸಿಗುತ್ತಿದ್ದ ಆ ಅಫೀಮು ಬರುತ್ತಿದ್ದುದಾದರೂ ಎಲ್ಲಿಂದ? ಗಂಗಾ ಬಯಲಿನಿಂದ. ವಾರನ್ ಹೇಸ್ಟಿಂಗ್ಸ್ 1773ರಲ್ಲಿ ಬಂಗಾಳ, ಬಿಹಾರದ ಅಫೀಮು ವ್ಯಾಪಾರವನ್ನು ಕಂಪನಿಯ ಏಕಸ್ವಾಮ್ಯಕ್ಕೆ ತಂದಮೇಲೆ ಪಟ್ನಾ ಮತ್ತು ಗಾಜಿಪುರ ಅದರ ಎರಡು ಕೇಂದ್ರಗಳಾದವು. 1857ರ 13ನೆಯ ಕಾಯ್ದೆ ಈ ವ್ಯವಸ್ಥೆಯನ್ನೆಲ್ಲ ಒಂದೆಡೆ ಕಟ್ಟಿಟ್ಟಿತು. ದೇಶ ದಂಗೆಯಲ್ಲಿ ಹೊತ್ತಿ ಉರಿದ ವರ್ಷದಲ್ಲೂ ಅಫೀಮಿನ ಕಾಯ್ದೆಗೆ ಸರ್ಕಾರಕ್ಕೆ ಪುರುಸೊತ್ತಿತ್ತು.

ಆ ಬೆಳೆಯ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನಮ್ಮ ಹಬ್ಬದಡುಗೆಯ ಪಾಯಸಕ್ಕೆ ಬೀಳುವ ಗಸಗಸೆ ಈ ಗಿಡದ್ದೇ ಬೀಜ. ಬೀಜದಲ್ಲಿ ಅಮಲಿಲ್ಲ, ಕಾಯಿಯ ಹಾಲಿನಲ್ಲಿದೆ. ನವೆಂಬರ್ ಸುಮಾರಿಗೆ ಬಿತ್ತನೆ, ಚಳಿಗಾಲವಿಡೀ ನೀರು, ಗೊಬ್ಬರ, ಕಳೆ. ಹೂ ಬಿಟ್ಟಾಗ ಎಸಳನ್ನೂ ಬಿಡುವಂತಿಲ್ಲ, ಆಯ್ದು ತಂದು ಕಾದ ಮಣ್ಣಿನ ಹೆಂಚಿನ ಮೇಲೆ ಒತ್ತಿ ರೊಟ್ಟಿಯಂಥ ಹಾಳೆ ಮಾಡಬೇಕು. ಕಾರ್ಖಾನೆಯಲ್ಲಿ ಅಫೀಮಿನ ಉಂಡೆಗೆ ಸುತ್ತಲು ಅದು ಬೇಕು. ಕಾಯಿ ಬಲಿತ ಮೇಲೆ ‘ನಶ್ತರ್’ ಹಿಡಿದು ಹೊಲಕ್ಕಿಳಿಯುವುದು. ಪುಟ್ಟ ಅಲಗುಗಳನ್ನು ದಾರದಿಂದ ಜೋಡಿಸಿ ಕಟ್ಟಿದ ಸಲಕರಣೆ ಅದು. ಮಧ್ಯಾಹ್ನದ ಬಿಸಿಲಲ್ಲಿ ಒಂದೊಂದೇ ಕಾಯಿಯನ್ನು ಹಿಡಿದು ಉದ್ದುದ್ದಕ್ಕೆ ಗೀರಬೇಕು. ಹೆಚ್ಚು ಆಳವಾದರೆ ಹಾಲು ಕಾಯಿಯ ಒಳಗೇ ಇಳಿಯುತ್ತದೆ. ರಾತ್ರಿಯಿಡೀ ಒಸರಿ ಕಂದಾದ ಹಾಲನ್ನು ಬೆಳಿಗ್ಗೆ ಹೋಗಿ ಕೆರೆದು ತರಬೇಕು. ಒಂದೇ ಕಾಯಿಗೆ ಹಲವು ದಿನ ಹೀಗೆ. ಮನೆಮಂದಿಯೆಲ್ಲ, ಮಕ್ಕಳು ಸಹ, ದುಡಿದರೇ ಬೆಳೆ ಕೈಗೆ ಬರುವುದು.

ಇಷ್ಟು ದುಡಿದು ತಂದದ್ದನ್ನು ಸರ್ಕಾರಕ್ಕೇ ಕೊಡಬೇಕು, ಸರ್ಕಾರ ಹೇಳಿದ ಬೆಲೆಗೇ ಕೊಡಬೇಕು. ಒಂದು ಸೇರನ್ನು ಮುಚ್ಚಿಟ್ಟರೂ ಶಿಕ್ಷೆ. ಬೆಳೆಯುವುದು, ಬಿಡುವುದು ರೈತನ ಇಷ್ಟ ಎಂದು 1857ರ ಕಾಯ್ದೆ ಬಾಯಿತುಂಬ ಹೇಳುತ್ತದೆ. ಆದರೆ ಮುಂಗಡ ಪಡೆದು, ಒಪ್ಪಿದಷ್ಟು ನೆಲದಲ್ಲಿ ಬಿತ್ತದಿದ್ದರೆ ಮುಂಗಡದ ಮೂರು ಪಟ್ಟು ದಂಡ. ಬಡ ರೈತನಿಗೆ ಗೇಣಿ ಕಟ್ಟಲು ಆ ಮುಂಗಡದ ಹಣ ಬಿಟ್ಟರೆ ಬೇರೆ ದಾರಿ ಇರುತ್ತಿರಲಿಲ್ಲ. ಮೇಲೆ ಜಮೀನ್ದಾರನ ಒತ್ತಾಯ, ಗುಮಾಸ್ತನ ಕಾಟ. ಈ ವಿಷಯವನ್ನು ಆಳವಾಗಿ ಅಧ್ಯಯನ ಮಾಡಿದ ಇತಿಹಾಸಕಾರ ರೋಲ್ಫ್ ಬಾವರ್, ಬೆಳೆಯ ಖರ್ಚಿಗೂ ಸಾಲದ ಬೆಲೆ ಅದಾಗಿತ್ತು ಎಂದು ಲೆಕ್ಕ ಹಾಕಿ ತೋರಿಸಿದ್ದಾರೆ. ಹತ್ತು ಲಕ್ಷಕ್ಕೂ ಹೆಚ್ಚು ಕುಟುಂಬಗಳು ನಷ್ಟಕ್ಕೆ ಬೆಳೆದ ಬೆಳೆ ಕಲ್ಕತ್ತೆಯ ಹರಾಜಿನಲ್ಲಿ ಹಲವು ಪಟ್ಟು ಬೆಲೆಗೆ ಹೋಗಿ ಚೀನಾ ಸೇರುತ್ತಿತ್ತು. ಅದನ್ನು ಬೇಡವೆಂದು 1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಕ್ಸು ಇಪ್ಪತ್ತು ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ನಾಶಮಾಡಿಸಿದ್ದಕ್ಕೆ ಚೀನಾದ ಮೇಲೆ ಯುದ್ಧವೇ ಬಂತು. ಆ ಕಥೆ ಎಲ್ಲರಿಗೂ ಗೊತ್ತು. ಬಿಹಾರದ ಹೊಲದ ಕಥೆ ಅಷ್ಟು ಜನಕ್ಕೆ ಗೊತ್ತಿಲ್ಲ.

ಆಸಾಮಿನಲ್ಲಿ ಬೆಳೆಯಬಾರದು, ಬಿಹಾರದಲ್ಲಿ ಬೆಳೆಯಲೇಬೇಕು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಈ ಕಾನೂನಿಗೆ ಅಫೀಮಿನ ಒಳಿತು ಕೆಡುಕಿನ ಬಗ್ಗೆ ಅಭಿಪ್ರಾಯವೇ ಇರಲಿಲ್ಲ ಎಂದು ನನಗೆ ಖಚಿತವಾಯಿತು. ಅದು ಕಾಯುತ್ತಿದ್ದುದು ಖಜಾನೆಯನ್ನು. 1878ರ ಅಫೀಮು ಕಾಯ್ದೆಯನ್ನು ಓದಿದರೆ ಇದು ಇನ್ನೂ ಸ್ಪಷ್ಟ. ಪರವಾನಗಿ ಇಲ್ಲದೆ ಇಟ್ಟುಕೊಂಡರೆ, ಸಾಗಿಸಿದರೆ, ಮಾರಿದರೆ ಒಂದು ವರ್ಷದ ತನಕ ಜೈಲು ಅಥವಾ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೇ ಎರಡೂ. ಅದರ 10ನೆಯ ಕಲಂ ಹೇಳುವುದು ಇದು: ಆರೋಪಿಯು ತನ್ನ ಬಳಿಯ ಅಫೀಮಿಗೆ ಸರಿಯಾದ ಲೆಕ್ಕ ಕೊಡದಿದ್ದರೆ, ಅವನು ಅಪರಾಧ ಮಾಡಿದ್ದಾನೆ ಎಂದೇ ಭಾವಿಸತಕ್ಕದ್ದು. ತಪ್ಪಿಲ್ಲವೆಂದು ತೋರಿಸುವ ಹೊರೆ ಬಡವನ ಹೆಗಲಿಗೆ. ಆ ಕಾಯ್ದೆಯುದ್ದಕ್ಕೂ ಅಫೀಮು ತಿಂದು ಹಾಳಾದವನ ಪ್ರಸ್ತಾಪವಿಲ್ಲ. ಅವನನ್ನು ಬಿಡಿಸುವ, ಕಾಯುವ, ಅವನ ಮನೆಯನ್ನು ವಿಚಾರಿಸುವ ಒಂದು ಸಾಲೂ ಇಲ್ಲ.

ಇಂಗ್ಲೆಂಡಿನಲ್ಲೂ ಆತ್ಮಸಾಕ್ಷಿ ಇದ್ದವರು ಸುಮ್ಮನಿರಲಿಲ್ಲ. 1891ರಲ್ಲಿ ಜೋಸೆಫ್ ಪೀಸ್ ಅವರ ಗೊತ್ತುವಳಿಯ ಮೇಲೆ ಕಾಮನ್ಸ್ ಸಭೆ, ಅಫೀಮಿನ ಆದಾಯ ನೈತಿಕವಾಗಿ ಸಮರ್ಥನೀಯವಲ್ಲ ಎಂಬ ಮಾತಿಗೆ ಬಹುಮತ ಕೊಟ್ಟಿತು. ಅದರ ಬೆನ್ನಿಗೆ 1893ರಲ್ಲಿ ರಾಯಲ್ ಕಮಿಷನ್ ಬಂತು. ಏಳುನೂರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿತು. 1895ರಲ್ಲಿ ಕೊಟ್ಟ ವರದಿಯಲ್ಲಿ, ಇಂಡಿಯಾದ ಜನ ಹಿತಮಿತವಾಗಿಯೇ ತಿನ್ನುತ್ತಾರೆ, ನಿಷೇಧ ಬೇಕಿಲ್ಲ ಎಂದಿತು. ಹೆನ್ರಿ ವಿಲ್ಸನ್ ಎಂಬ ಸದಸ್ಯರೊಬ್ಬರೇ ಭಿನ್ನಮತ ಬರೆದರು. ಎಲ್ಲರೂ ಒಂದು ಕಡೆ ಕೈಯೆತ್ತಿದಾಗ ಒಬ್ಬನೇ ಕೂತು ಇಲ್ಲ ಎಂದು ಬರೆಯುವುದಕ್ಕೆ ಬೇಕಾದ ಗಟ್ಟಿತನವನ್ನು ನೆನೆದಾಗ ನನಗೆ ಅವರ ಮೇಲೆ ಗೌರವ ಮೂಡುತ್ತದೆ.

ಜನ ತಾವಾಗಿ ಚಟ ಬಿಡಲು ಹೊರಟಾಗ ಏನಾಯಿತು ಎಂಬುದಕ್ಕೆ ಮತ್ತೆ ಆಸಾಮಿಗೇ ಹೋಗಬೇಕು. 1921ರಲ್ಲಿ ಗಾಂಧೀಜಿ ಅಲ್ಲಿಗೆ ಹೋದರು. ಅಸಹಕಾರದ ಕಾರ್ಯಕರ್ತರು ಹಳ್ಳಿಹಳ್ಳಿ ಸುತ್ತಿ ಕಾನಿ ಬಿಡಿ ಎಂದು ಜನರ ಮನವೊಲಿಸಿದರು. ಅಂಗಡಿಗಳ ಮಾರಾಟ ಇಳಿಯಿತು. ಅಷ್ಟಕ್ಕೇ ಕಾರ್ಯಕರ್ತರನ್ನು ಹಿಡಿದು ಜೈಲಿಗೆ ಹಾಕಿದರು. ಕುಲಧರ ಚಾಲಿಹಾ ಅವರ ಅಧ್ಯಕ್ಷತೆಯ ಕಾಂಗ್ರೆಸ್ ಸಮಿತಿ 1925ರ ವರದಿಯಲ್ಲಿ ಇದನ್ನೆಲ್ಲ ದಾಖಲಿಸಿತು. ಅಫೀಮು ಮಾರಿದವನು ಪರವಾನಗಿದಾರ, ಬೇಡ ಎಂದು ಕೈಮುಗಿದವನು ಕೈದಿ.

ಬ್ರಿಟಿಷರು ಹೋದರು, ಈಗ ಇದನ್ನೇಕೆ ಕೆದಕಬೇಕು ಎಂದು ಕೇಳುವವರಿದ್ದಾರೆ. 1857ರ ಕಾಯ್ದೆ, 1878ರ ಕಾಯ್ದೆ, 1930ರ ಅಪಾಯಕಾರಿ ಔಷಧಿಗಳ ಕಾಯ್ದೆ, ಮೂರೂ ಸ್ವತಂತ್ರ ಭಾರತದಲ್ಲಿ 1985ರವರೆಗೆ ಜಾರಿಯಲ್ಲಿದ್ದವು. ಮಾದಕ ವಸ್ತುಗಳ ನಿಯಂತ್ರಣಕ್ಕೆ ಆ ವರ್ಷ ಬಂದ ಎನ್‌ಡಿಪಿಎಸ್ ಕಾಯ್ದೆ ಅವನ್ನು ರದ್ದುಮಾಡಿತು. ಖಜಾನೆಯ ಆಸೆ ಈ ಹೊಸ ಕಾಯ್ದೆಯಲ್ಲಿಲ್ಲ, ಒಪ್ಪುತ್ತೇನೆ. ಮಾದಕ ವಸ್ತುಗಳ ಜಾಲಕ್ಕೆ ಬಿಗಿ ಕಾನೂನು ಬೇಕು ಎಂಬುದನ್ನೂ ಒಪ್ಪುತ್ತೇನೆ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ ಅವನನ್ನು ಮೊಕದ್ದಮೆಯಿಂದ ಬಿಡುವ ಅವಕಾಶವೂ ಅದರಲ್ಲಿದೆ. ಆದರೆ 1878ರ 10ನೆಯ ಕಲಮಿನ ಊಹೆ ಅದರ 54ನೆಯ ಕಲಮಿನಲ್ಲಿ ಹಾಗೇ ಕೂತಿದೆ. ವಸ್ತು ಯಾರ ಕೈಯಲ್ಲಿದೆ, ಎಷ್ಟಿದೆ, ಕಾಗದ ಇದೆಯೇ ಎಂದು ಮೊದಲು ಕೇಳುವ ಹಳೆಯ ಅಭ್ಯಾಸವೂ ಹೋಗಿಲ್ಲ.

ಆ ಅಭ್ಯಾಸಕ್ಕೆ ಬೆಲೆ ತೆತ್ತವರು ಕ್ಯಾನ್ಸರ್ ರೋಗಿಗಳು. ಮೂಳೆಗೆ ಹರಡಿದ ಕ್ಯಾನ್ಸರಿನ ನೋವಿಗೆ ಅಫೀಮಿನಿಂದ ತೆಗೆದ ಮಾರ್ಫಿನ್‌ನಷ್ಟು ಕೈಗೆಟುಕುವ, ನೆಚ್ಚಬಹುದಾದ ಮದ್ದು ಮತ್ತೊಂದಿಲ್ಲ. ಹೊಸ ಕಾಯ್ದೆ ಬಂದಮೇಲೆ ಒಂದಲ್ಲ, ಹಲವು ಪರವಾನಗಿ ಬೇಕಾದವು, ಅವು ಬೇರೆ ಬೇರೆ ಇಲಾಖೆಗಳಿಂದ ಬರಬೇಕು, ಅವಧಿ ಒಟ್ಟಿಗೆ ಇರಬೇಕು. ಸಣ್ಣ ಲೆಕ್ಕತಪ್ಪಿಗೂ ಹತ್ತು ವರ್ಷದ ಜೈಲಿನ ಭಯ. ಔಷಧದಂಗಡಿಯವರು ಇಡುವುದನ್ನೇ ಬಿಟ್ಟರು, ವೈದ್ಯರು ಬರೆಯುವುದನ್ನೇ ಬಿಟ್ಟರು. ವರ್ಷಕ್ಕೆ ನೂರಾರು ಕಿಲೋ ಇದ್ದ ದೇಶದ ಮಾರ್ಫಿನ್ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಕುಸಿಯಿತು. ಅದೇ ಹೊತ್ತಿನಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶದ ರೈತರು ಪರವಾನಗಿ ಪಡೆದು ಅಫೀಮು ಬೆಳೆಯುತ್ತಿದ್ದರು, ಗಾಜಿಪುರ ಮತ್ತು ನೀಮಚ್‌ನ ಸರ್ಕಾರಿ ಕಾರ್ಖಾನೆಗಳು ನಡೆಯುತ್ತಿದ್ದವು, ಹೊರದೇಶಗಳ ಔಷಧ ಕಂಪನಿಗಳಿಗೆ ಇಲ್ಲಿಂದ ಅಫೀಮು ಹೋಗುತ್ತಿತ್ತು. ಬೆಳೆದ ನಾಡಿನಲ್ಲಿ ರೋಗಿಗಳು ನೋವಿನಲ್ಲಿ ಕೂಗುತ್ತ ಸತ್ತರು.

2014ರಲ್ಲಿ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು, ಅಗತ್ಯ ಮಾದಕ ಔಷಧಗಳೆಂದು ಮಾರ್ಫಿನ್‌ನಂಥವನ್ನು ಬೇರೆ ಮಾಡಿ, ಇಡೀ ದೇಶಕ್ಕೆ ಒಂದೇ ನಿಯಮ, ಒಂದೇ ಅನುಮತಿ ಎಂದಿತು. ಉಪಶಾಮಕ ಚಿಕಿತ್ಸೆಯ ವೈದ್ಯರು ವರ್ಷಗಟ್ಟಲೆ ಬಾಗಿಲು ತಟ್ಟಿದ್ದರ ಫಲ ಅದು. ಬೆಂಗಳೂರಿನ ಕರುಣಾಶ್ರಯದಂಥ ಜಾಗಗಳಲ್ಲಿ ಕೊನೆಗಾಲದ ರೋಗಿಯ ನೋವನ್ನು ಇಳಿಸುವವರಿದ್ದಾರೆ. ಆದರೆ ಅಲ್ಲಿಯತನಕ ಬರಲಾಗದವರ ಸಂಖ್ಯೆ ದೊಡ್ಡದು. ತಾಲ್ಲೂಕು ಕೇಂದ್ರದ ಆಸ್ಪತ್ರೆಗಳು ಮಾರ್ಫಿನ್ ಇಡಲು ಅನುಮತಿ ಪಡೆಯಬೇಕು, ಅಲ್ಲಿನ ವೈದ್ಯರಿಗೆ ಅದನ್ನು ಕೊಡುವ ತರಬೇತಿ ಆಗಬೇಕು, ಬರೆದುಕೊಟ್ಟರೆ ಪೊಲೀಸರು ಬರುವುದಿಲ್ಲ ಎಂಬ ಧೈರ್ಯ ಅವರಿಗೆ ಬರಬೇಕು. ಕಾಯ್ದೆ ಈಗ ಇದಕ್ಕೆ ಅಡ್ಡಿಯಲ್ಲ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಹೋದಾಗ, ಇಲ್ಲಿ ಮಾರ್ಫಿನ್ ಮಾತ್ರೆ ಸಿಗುತ್ತದೆಯೇ ಎಂದು ಒಮ್ಮೆ ಕೇಳಿ ನೋಡಿ.