ಹಿರಿಯಣ್ಣನ ಪಾಲು

ಆಸ್ತಿಯನ್ನು ಕ್ರಮವಾಗಿ ಹಂಚಿಟ್ಟ ಮಾತ್ರಕ್ಕೆ ಮಕ್ಕಳಲ್ಲಿ ಶಾಂತಿ ನೆಲೆಸೀತೇ? ಮೊದಲು ಹುಟ್ಟಿದ ಮಾತ್ರಕ್ಕೆ ಮನುಷ್ಯ ಹಿರಿಯನಾದಾನೇ? ಹನ್ನೆರಡನೆಯ ಶತಮಾನದ ಪೋಲೆಂಡಿನ ಅರಸು ಮನೆತನವೊಂದರ ಕಥೆ ಈ ಪ್ರಶ್ನೆಗಳನ್ನು ನಮ್ಮ ಮುಂದಿಡುತ್ತದೆ.

ಡ್ಯೂಕ್ ಮೂರನೇ ಬೊಲೆಸ್ಲಾವ್ ಅಧಿಕಾರಕ್ಕಾಗಿ ತನ್ನ ಮಲಸಹೋದರನ ಕಣ್ಣು ಕೀಳಿಸಿದವನು. ಆ ಪಾಪಕ್ಕೆ ಪ್ರಾಯಶ್ಚಿತ್ತವಾಗಿ ಹಂಗೇರಿಯವರೆಗೆ ಯಾತ್ರೆ ಹೋಗಿಬಂದನು. 1138ರಲ್ಲಿ ಸಾಯುವ ಮುನ್ನ, ಮಕ್ಕಳು ಹೊಡೆದಾಡದಿರಲೆಂದು ರಾಜ್ಯವನ್ನು ಪಾಲು ಮಾಡಿಟ್ಟನು. ಹಿರಿಯ ಮಗ ಎರಡನೇ ವ್ಲಾಡಿಸ್ಲಾವನಿಗೆ ಸೈಲೀಸಿಯ ಪ್ರಾಂತ್ಯ, ಕ್ರಾಕೋವ್ ನಗರ ಹಾಗೂ ತಮ್ಮಂದಿರೆಲ್ಲರ ಮೇಲಿನ ಹಿರಿತನ ದೊರೆಯಿತು.

ಅಷ್ಟಕ್ಕೆ ಅವನು ತೃಪ್ತನಾಗಲಿಲ್ಲ. ಮಲತಾಯಿ ಸಲೋಮೆ 1144ರಲ್ಲಿ ತೀರಿಕೊಂಡ ಮೇಲೆ ಆಕೆಯ ಮಕ್ಕಳ ಪಾಲಿಗೂ ಕೈಚಾಚಿದನು. ಅವನನ್ನು ವಿರೋಧಿಸಿದ ಪ್ರಬಲ ಸಾಮಂತ ಪೀಟರ್ ವ್ಲೊಸ್ಟೊವಿಟ್ಸನು ಕಣ್ಣನ್ನೂ ನಾಲಿಗೆಯನ್ನೂ ಕಳೆದುಕೊಂಡನು. ತಂದೆ ಯಾವ ಪಾಪಕ್ಕಾಗಿ ಅತ್ತನೋ ಅದನ್ನೇ ಮಗ ಎಸಗಿದನು! ಮಧ್ಯಯುಗದ ಚರಿತ್ರೆಕಾರರು ಇದರ ದೋಷವನ್ನು ಪತ್ನಿ ಆಗ್ನೆಸಳ ಮೇಲೆ ಹೊರಿಸಿದರು. ಮನೆ ಒಡೆದಾಗ ಸೊಸೆಯನ್ನು ದೂರುವುದು ಹಳೆಯ ರೂಢಿ. ಆದರೆ ಅಧಿಕಾರವಿದ್ದದ್ದು ಗಂಡನ ಕೈಯಲ್ಲಿ.

1146ರಲ್ಲಿ ಅವನು ತಮ್ಮಂದಿರನ್ನು ಪೊಜ್ನಾನ್ ಕೋಟೆಯಲ್ಲಿ ಮುತ್ತಿದಾಗ ಮಹಾಧರ್ಮಾಧ್ಯಕ್ಷ ಯಾಕೂಬರು ಅವನನ್ನು ಧರ್ಮಸಭೆಯಿಂದ ಬಹಿಷ್ಕರಿಸಿದರು. ಸೋತ ಡ್ಯೂಕನು ಜರ್ಮನಿಗೆ ಓಡಿಹೋದನು. ಆಗ್ನೆಸಳ ಸಹೋದರನಾದ ಅರಸ ಮೂರನೇ ಕೊನ್ರಾಡ್ ಅವನ ಪರವಾಗಿ ದಂಡೆತ್ತಿ ಬಂದನು. ಜಗದ್ಗುರು ಮೂರನೇ ಯುಜೀನಿಯಸರೂ ಅವನ ಪರ ನಿಂತರು. 1157ರಲ್ಲಿ ಚಕ್ರವರ್ತಿ ಫ್ರೆಡರಿಕ್ ಬಾರ್ಬರೊಸ್ಸನು ತಮ್ಮನಾದ ಬೊಲೆಸ್ಲಾವನನ್ನು ಮಣಿಸಿ ಮಾತು ತೆಗೆದುಕೊಂಡನು. ತಮ್ಮ ಆ ಮಾತನ್ನು ಉಳಿಸಿಕೊಳ್ಳಲಿಲ್ಲ. 1159ರಲ್ಲಿ ವ್ಲಾಡಿಸ್ಲಾವ್ ಪರದೇಶದಲ್ಲೇ ಸತ್ತನು. ಇತಿಹಾಸದಲ್ಲಿ ಅವನಿಗೆ ಉಳಿದ ಹೆಸರು 'ದೇಶಭ್ರಷ್ಟ'.

ಪ್ರಿಯ ಓದುಗರೇ, ಹಿರಿತನದ ಹಕ್ಕು ಅವನದೇ ಆಗಿತ್ತು. ಆದರೆ ತಮ್ಮಂದಿರನ್ನು ಕಾಯುವುದಕ್ಕೆಂದು ಕೊಟ್ಟ ಹಿರಿತನವನ್ನು ಅವರನ್ನು ಕಬಳಿಸಲು ಬಳಸಿದಾಗ ಆ ಹಕ್ಕಿನ ತಿರುಳೇ ಬತ್ತಿಹೋಯಿತು. ತಮ್ಮಂದಿರೂ ನಿರ್ದೋಷಿಗಳಲ್ಲ; ಕೊಟ್ಟ ಮಾತಿಗೆ ತಪ್ಪುವುದೂ ಪಾಪವೇ. ಅಣ್ಣನಿಂದ ಪಾಲು ಕೊಡಿಸೆಂದು ಬೇಡಿಬಂದವನಿಗೆ ಯೇಸುಸ್ವಾಮಿ ಪಂಚಾಯಿತಿ ಮಾಡಲಿಲ್ಲ. ಲೋಭದ ಬಗ್ಗೆ ಎಚ್ಚರಿಕೆ ಕೊಟ್ಟರು. ಗಡಿಕಲ್ಲು ಎಲ್ಲಿರಬೇಕೆಂದು ಅಮೀನರು ಅಳೆದು ಹೇಳಬಲ್ಲರು. ಹೃದಯದೊಳಗಿನ ಆಸೆಗೆ ಗಡಿ ಹಾಕಬೇಕಾದವರು ನಾವೇ.

ಈ ಕಥೆಗೆ ಮುಂದಿನ ತಲೆಮಾರುಗಳಲ್ಲಿ ಇನ್ನೊಂದು ಅಧ್ಯಾಯವಿದೆ. 1163ರಲ್ಲಿ ವ್ಲಾಡಿಸ್ಲಾವನ ಮಕ್ಕಳು ಸೈಲೀಸಿಯಕ್ಕೆ ಮರಳಿದರು. ಅವನ ಮೊಮ್ಮಗ ಹೆನ್ರಿಯನ್ನು ಕೈಹಿಡಿದವರೇ ಸಂತ ಹೆಡ್ವಿಗ್. 1229ರಲ್ಲಿ ಮಸೋವಿಯದ ಕೊನ್ರಾಡ್ ಹೆನ್ರಿಯನ್ನು ಸೆರೆಹಿಡಿದನು. ಈ ಕೊನ್ರಾಡ್ ಬೇರೆ ಯಾರೂ ಅಲ್ಲ, ವ್ಲಾಡಿಸ್ಲಾವನ ಕಿರಿಯ ತಮ್ಮನ ಮಗ. ಸೈನ್ಯ ನುಗ್ಗುವುದಕ್ಕೆ ಮೊದಲು ಹೆಡ್ವಿಗರು ತಾವೇ ಕೊನ್ರಾಡನ ಬಳಿಗೆ ಹೋಗಿ ಪತಿಯನ್ನು ಬಿಡಿಸಿದರು. ದಾಯಾದಿಯ ಬಾಗಿಲಿಗೆ ಕತ್ತಿಯಿಲ್ಲದೆ ನಡೆದು ಹೋದವರನ್ನು ಧರ್ಮಸಭೆ 1267ರಲ್ಲಿ ಸಂತರೆಂದು ಸಾರಿತು.

ನಮ್ಮ ಮನೆತನಗಳಲ್ಲೂ ಎಷ್ಟೋ ವರ್ಷಗಳಿಂದ ಯಾರೂ ತುಳಿಯದ ಬಾಗಿಲುಗಳಿವೆ. ಹಿರಿಯರೆನಿಸಿಕೊಂಡವರು ಮೊದಲ ಹೆಜ್ಜೆ ಇಡಲಿ.