ಹೊಕ್ಕುಳ ಬಳ್ಳಿಯ ರಕ್ತವು ಯಾರದು?

ಶಿಶುವು ಹುಟ್ಟಿದ ಬಳಿಕ ಹೊಕ್ಕುಳ ಬಳ್ಳಿಯನ್ನು ಕೊಯ್ದು, ಮಾಸಿನೊಂದಿಗೆ ಹೂಳಿಬಿಡುವದು ನಮ್ಮ ಹಿರಿಯರ ಪದ್ಧತಿ. ಈಗಲಾದರೋ ಆ ಬಳ್ಳಿಯಲ್ಲಿ ಉಳಿದ ರಕ್ತವನ್ನು ಕೂಸಿನ ಮುಂದಣ ಕಾಲಕ್ಕೋಸ್ಕರ ಹಣ ತೆತ್ತು ಕಾದಿರಿಸಬೇಕೆಂದು ಹೇಳುವ ಸಂಸ್ಥೆಗಳು ಹುಟ್ಟಿಕೊಂಡಿವೆ. ಹಾಗೆ ಕಾದಿರಿಸಲಾರದ ಬಡ ತಂದೆಯು ತನ್ನ ಮಗುವಿಗೆ ದ್ರೋಹಮಾಡಿದನೋ? ಪ್ರಿಯ ವಾಚಕರೇ, ಇದು ನಾವು ವಿಚಾರಿಸತಕ್ಕ ಪ್ರಶ್ನೆಯಾಗಿದೆ.

ಆ ರಕ್ತವು ಬೆಲೆಯುಳ್ಳದ್ದೆಂಬದು ನಿಶ್ಚಯ. ಯಾಕಂದರೆ ರಕ್ತವನ್ನು ಹುಟ್ಟಿಸುವ ಮೂಲಕಣಗಳು, ಅಂದರೆ ವೈದ್ಯರು ಸ್ಟೆಮ್ ಸೆಲ್ ಎಂದು ಕರೆಯುವವು, ಅದರಲ್ಲಿವೆ. 1988ರಲ್ಲಿ ಪ್ಯಾರಿಸ್ ಪಟ್ಟಣದ ಸೇಂಟ್ ಲೂಯಿ ಆಸ್ಪತ್ರೆಯಲ್ಲಿ ಎಲಿಯಾನ್ ಗ್ಲಕ್ಮನ್ ಎಂಬ ವೈದ್ಯೆಯು, ರಕ್ತ ಬತ್ತುವ ವಂಶರೋಗವುಳ್ಳ ಬಾಲಕನೊಬ್ಬನಿಗೆ ಅವನ ತಂಗಿಯ ಹೊಕ್ಕುಳ ರಕ್ತವನ್ನು ಕೊಟ್ಟು ಮೊದಲ ಬಾರಿ ಈ ಚಿಕಿತ್ಸೆಯನ್ನು ನಡಿಸಿದರು, ಅವನು ಬದುಕಿದನು. ಆ ಮೇಲೆ ರಕ್ತದ ಕ್ಯಾನ್ಸರಿಗೂ ಥಲಸ್ಸೀಮಿಯಾ ರೋಗಕ್ಕೂ ಇದನ್ನು ಪ್ರಯೋಗಿಸಿದ್ದಾರೆ.

ಇಟಗಿಯ ಸೀಮೆಯ ಒಕ್ಕಲಿಗನು ಕೇಳಬಹುದು: ನಮ್ಮ ಅಜ್ಜಂದಿರು ಜೋಳವನ್ನು ಹಗೇವಿನಲ್ಲಿ ತುಂಬಿಟ್ಟರು, ಬರದಲ್ಲಿ ಅದು ಮಕ್ಕಳನ್ನು ಸಾಕಿತು, ರಕ್ತವನ್ನೂ ಹಾಗೆಯೇ ಇಟ್ಟರೆ ತಪ್ಪೇನು? ಮುಂದಾಲೋಚನೆಯು ಪಾಪವಲ್ಲ, ಯೋಸೇಫನೂ ಐಗುಪ್ತದಲ್ಲಿ ಧಾನ್ಯವನ್ನು ಕೂಡಿಸಿದನು. ಆದರೆ ಹಗೇವಿನ ಜೋಳವು ಇಟ್ಟವನ ಹೊಟ್ಟೆಯನ್ನೇ ತುಂಬುವದು. ಈ ರಕ್ತವು ಹಾಗಲ್ಲ. ಹುಟ್ಟಿನಿಂದ ಬಂದ ರಕ್ತದೋಷವು ಕೂಸಿನ ಹೊಕ್ಕುಳ ರಕ್ತದಲ್ಲಿಯೂ ಇರುವದರಿಂದ, ಅದು ಆ ಕೂಸಿಗೇ ಮದ್ದಾಗಲಾರದು. ಆ ಬಾಲಕನನ್ನು ಉಳಿಸಿದ್ದು ತನ್ನ ರಕ್ತವಲ್ಲ, ತಂಗಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರ ತನ್ನ ನಿಯಮಾವಳಿಯಲ್ಲಿ, ಮುಂದೆ ಸ್ವಂತಕ್ಕೆ ಬೇಕಾದೀತೆಂದು ಇದನ್ನು ಕಾದಿರಿಸುವದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ತಿಳಿಸಿತು. ಬಳ್ಳಿಯ ಅಂಗಾಂಶವನ್ನು ವ್ಯಾಪಾರಕ್ಕಾಗಿ ಕೂಡಿಡುವದಕ್ಕೆ ಅಪ್ಪಣೆಯನ್ನೇ ಕೊಡಲಿಲ್ಲ.

ಅರಣ್ಯದಲ್ಲಿ ಬಿದ್ದ ಮನ್ನವನ್ನು ನೆನಸಿಕೊಳ್ಳಿರಿ. ನಾಳಿನ ಭಯದಿಂದ ಕೂಡಿಟ್ಟದ್ದು ಹುಳಬಿದ್ದು ನಾರಿತು. ಸಬ್ಬತ್ತಿಗೋಸ್ಕರ ದೇವರ ಅಪ್ಪಣೆಯಂತೆ ಇಟ್ಟದ್ದು ಕೆಡಲಿಲ್ಲ. ಇಲ್ಲಿಯೂ ಹಾಗೆಯೇ. ಮನೆಯಲ್ಲಿ ಥಲಸ್ಸೀಮಿಯಾದಂಥ ರೋಗದಿಂದ ನರಳುವ ಮಗುವಿದ್ದರೆ, ಹುಟ್ಟುವ ತಮ್ಮ ತಂಗಿಯರ ಹೊಕ್ಕುಳ ರಕ್ತವನ್ನು ವೈದ್ಯರ ಮಾತಿನಂತೆ ಇರಿಸುವದು ವಿವೇಕವೇ. ಒಡಹುಟ್ಟಿದವರಲ್ಲಿ ಪೂರ್ಣ ಹೊಂದಿಕೆಯ ಸಂಭವವು ನಾಲ್ಕರಲ್ಲಿ ಒಂದು. ಅದು ಕಣ್ಣ ಮುಂದಿನ ಅವಶ್ಯಕತೆ. ಕಾಣದ ಭಯಕ್ಕಾಗಿ ಸಾಲಮಾಡಿ ಹಣ ತೆರುವದಾದರೋ ಪ್ರೀತಿಯ ಲಕ್ಷಣವಲ್ಲ.

ಇನ್ನೊಂದು ಮಾತು. ಆ ರಕ್ತದ ಮೊದಲ ಹಕ್ಕುದಾರನು ಕೂಸೇ. ಬಳ್ಳಿಯನ್ನು ಕೂಡಲೆ ಬಿಗಿಯದೆ ಕಡಿಮೆಯಾದರೂ ಒಂದು ನಿಮಿಷ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಆಗ ರಕ್ತವು ಕೂಸಿನೊಳಗೆ ಹರಿದು, ಕೆಲವು ತಿಂಗಳುಗಳ ವರೆಗೆ ಬೇಕಾಗುವ ಕಬ್ಬಿಣದ ಅಂಶವನ್ನು ಕೊಡುತ್ತದೆ. 2019–21ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಎಳೆಯ ಮಕ್ಕಳಲ್ಲಿ ನೂರಕ್ಕೆ 65ರಷ್ಟು ಮಂದಿ ರಕ್ತಹೀನರೆಂದು ಕಂಡುಬಂದಿರುವಾಗ, ಈ ಒಂದು ನಿಮಿಷವು ಸಣ್ಣದಲ್ಲ. ಅದಕ್ಕೆ ಕಾಸೂ ಬೇಡ.

ಆದಕಾರಣ ಬಡ ತಂದೆಯು ನಾಚದಿರಲಿ. ಅವನ ಮೈಯಲ್ಲಿ ಹರಿಯುವ ರಕ್ತವು ಥಲಸ್ಸೀಮಿಯಾದ ಮಗುವಿಗೆ ಇಂದೇ ಬೇಕಾಗಿದೆ. ರಕ್ತನಿಧಿಯ ಬಾಗಿಲು ತೆರೆದದೆ. ನಮಗೆ ಉಚಿತವಾಗಿ ಬಂದದ್ದನ್ನು ಬಚ್ಚಿಡದೆ ನೆರೆಯವನಿಗೆ ಕೊಡುವ ಮನಸ್ಸನ್ನು ಕರ್ತನು ನಮ್ಮ ಸಭೆಗಳಿಗೆ ಅನುಗ್ರಹಿಸಲಿ.